ಐದು ನಿಮಿಷದ ವರದಿ

ಮುತ್ತುರಾಜು ಒಂದೇ ಒಂದು ದಿನ ಬಾಯಿಬಿಟ್ಟು ಬೀಟ್ ನಂಬರ್ ಹೇಳಿದ್ದರೆ ನನ್ನ ಆಯಸ್ಸು ಒಂದೆರಡು ವರ್ಷವಾದರೂ ಉಳಿಯುತ್ತಿತ್ತು. ಹೇಳಲಿಲ್ಲ ಪುಣ್ಯಾತ್ಮ. ಅದರ ಫಲವಾಗಿ ಆ ದಿನ ಮಧ್ಯಾಹ್ನ ಎರಡೂವರೆಯಾದರೂ ನಾನು ಊಟದ ಡಬ್ಬಿ ತೆರೆಯದೆ, ಬಿಳಿ ಹಾಳೆಯನ್ನು ದುರುಗುಟ್ಟಿಕೊಂಡು ಕೂತಿದ್ದೆ. ನಾಲ್ಕು ಗಂಟೆಯೊಳಗೆ ವರದಿ ಟೇಬಲ್ ಮೇಲಿರಬೇಕು ಅಂತ ರೇಂಜರ್ ಮನೋಹರ್ ಸರ್ ಹೇಳಿ ಹೋಗಿದ್ದರು.

ಎರಡೇ ಪ್ರಶ್ನೆ. ಬೆಳಿಗ್ಗೆ ವೈರ್‌ಲೆಸ್ ಚಾನೆಲ್ ಜಾಮ್ ಮಾಡಿದ್ದು ಯಾರು? ಆ ಹೊತ್ತಿನಲ್ಲಿ ಕಂಟ್ರೋಲ್ ರೂಮ್ ಏನು ಮಾಡುತ್ತಿತ್ತು?

ಮೊದಲನೆಯದಕ್ಕೆ ಉತ್ತರ ಇಡೀ ರೇಂಜಿಗೆ ಗೊತ್ತಿತ್ತು. ಬರೆದರೆ ಮುತ್ತುರಾಜುವಿನ ಕೆಲಸ ಹೋಗುತ್ತಿತ್ತು. ಅವನು ಕಾಡು ಕಾಯುವ ಕಾಂಟ್ರಾಕ್ಟ್ ವಾಚರ್. ತಿಂಗಳ ಕೊನೆಗೆ ಎಲ್ಲರ ಕಾಂಟ್ರಾಕ್ಟೂ ಹೊಸದಾಗಬೇಕು, ಹೆಸರಿನ ಎದುರು ಒಂದು ಕೆಂಪು ಗೆರೆ ಬಿದ್ದರೂ ಆ ಜಾಗಕ್ಕೆ ಹತ್ತು ಜನ ಕಾದಿದ್ದಾರೆ. ಎರಡನೆಯದಕ್ಕೆ ಉತ್ತರ ನನಗೊಬ್ಬಳಿಗೇ ಗೊತ್ತಿತ್ತು. ಬರೆದರೆ ನನ್ನ ಕೆಲಸ ಹೋಗುತ್ತಿತ್ತು. ನಾನೂ ಕಾಂಟ್ರಾಕ್ಟೇ.

ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದೆ.

ನಾನು ಸಿಂಧು. ಊರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ, ಈಗ ಅಮ್ಮನ ಜೊತೆ ಇರುವುದು ಹಾರೋಹಳ್ಳಿಯಲ್ಲಿ. ಕೆಲಸ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ನಮ್ಮ ರೇಂಜ್ ಆಫೀಸಿನ ಕಂಟ್ರೋಲ್ ರೂಮಿನಲ್ಲಿ. ಹಾರೋಹಳ್ಳಿಯಿಂದ ಕನಕಪುರಕ್ಕೆ ಹೋಗುವ ಬಸ್ಸಿನಲ್ಲಿ ಬಂದು, ಇಳಿದು ಅರ್ಧ ಕಿಲೋಮೀಟರ್ ನಡೆದರೆ ಸಿಗುತ್ತದೆ. ಒಂದು ವೈರ್‌ಲೆಸ್ ಸೆಟ್, ಎರಡು ಫೋನ್, ಗೋಡೆ ತುಂಬ ಒಂದು ಮ್ಯಾಪ್. ಆನೆ ರಾಗಿ ಹೊಲಕ್ಕೆ ಇಳಿಯಿತು, ಚಿರತೆ ಕುರಿ ಹೊತ್ತುಕೊಂಡು ಹೋಯಿತು, ಬೆಟ್ಟ ಹತ್ತಲು ಬಂದ ಬೆಂಗಳೂರಿನವರು ದಾರಿ ತಪ್ಪಿದರು ಅಂತ ಯಾರು ಫೋನ್ ಮಾಡಿದರೂ ಎತ್ತುವವಳು ನಾನು. ಹತ್ತಿರದ ಜೀಪನ್ನು ಅಲ್ಲಿಗೆ ಓಡಿಸುವವಳೂ ನಾನೇ.

ಜೀಪ್ ಎಲ್ಲಿದೆ ಅಂತ ಗೊತ್ತಿದ್ದರೆ ತಾನೆ ಓಡಿಸುವುದು? ಅದಕ್ಕೇ ಅರ್ಧ ಗಂಟೆಗೊಮ್ಮೆ ಪ್ರತಿ ಟೀಮೂ ತಾನಿರುವ ಬೀಟ್ ನಂಬರ್ ಹೇಳಬೇಕು. ಕಾಡನ್ನು ಹನ್ನೊಂದು ಬೀಟ್ ಮಾಡಿದ್ದಾರೆ, ಎರಡನೇ ಕ್ಲಾಸಿನ ಮಗುವೂ ಹೇಳಬಹುದಾದ ಲೆಕ್ಕ. ನಂಬರ್ ಸಿಗುವ ತನಕ ನಾನು ಕೇಳುತ್ತಲೇ ಇರಬೇಕು, ಅದು ರೂಲ್. ಎಲ್ಲ ಟೀಮೂ ಹೇಳುತ್ತಿದ್ದವು. ಟೀಮ್ ಮೂರು ಬಿಟ್ಟು.

"ಟೀಮ್ ಮೂರು, ನಿಮ್ಮ ಲೊಕೇಶನ್ ಹೇಳಿ, ಓವರ್."

"ಗುಡ್ ಮಾರ್ನಿಂಗ್ ಮೇಡಂ. ಬೋರಲಿಂಗಯ್ಯನ ಹುಣಸೆಮರದ ತಾವ ಇದೀವಿ, ಓವರ್."

"ಬೀಟ್ ನಂಬರ್ ಹೇಳಿ, ಓವರ್."

"ಹಳೇ ಮರ ಮೇಡಂ. ಒಂದು ಕೊಂಬೆ ಮುರ್ದೈತೆ, ಓವರ್."

"ಮರದ ಜಾತಕ ಬೇಡ ನನಗೆ. ನಂಬರ್!"

"ಒಸಿ ಇರಿ ಮೇಡಂ, ಬಾಲಣ್ಣನ್ನ ಕೇಳಿ ಹೇಳ್ತೀನಿ, ಓವರ್."

ಬಾಲಣ್ಣ ಅಂದರೆ ಬಾಲರಾಜು, ಜೀಪಿನ ಡ್ರೈವರ್. ಹೀಗೆ ಒಂದು ದಿನವಲ್ಲ, ಎರಡು ದಿನವಲ್ಲ, ಹದಿನಾಲ್ಕು ತಿಂಗಳು. ಹುಣಸೆಮರ ಆಯಿತು, ಒಡೆದ ಕಲ್ಲುಕ್ವಾರಿ ಆಯಿತು, 'ಮೊನ್ನೆ ನೀವು ಜೋರಾಗಿ ಬೈದ್ರಲ್ಲಾ ಆ ಜಾಗದಿಂದ ಒಸಿ ಮುಂದೆ' ಕೂಡ ಆಯಿತು. ಮಿಕ್ಕ ಟೀಮಿನವರು ವೈರ್‌ಲೆಸ್ಸಿನಲ್ಲೇ ಕಿಸಕ್ಕೆಂದು ನಗುವುದು ನನಗೆ ಕೇಳಿಸುತ್ತಿತ್ತು. ನನ್ನ ಗಂಟಲಿಗೆ ಅಮ್ಮ ಮಾಡಿಕೊಟ್ಟ ಶುಂಠಿ ಕಷಾಯದಲ್ಲಿ ಅರ್ಧ ಪಾಲು ಈ ಮನುಷ್ಯನದು.

ಹದಿನೈದು ದಿನಕ್ಕೊಮ್ಮೆ ಬ್ಯಾಟರಿ ಬದಲಾಯಿಸಲು ಅವನು ಕಂಟ್ರೋಲ್ ರೂಮಿನ ಕಿಟಕಿಗೆ ಬರುತ್ತಿದ್ದ. ಎತ್ತರದ ಆಳು. ಕಿಟಕಿಗೆ ಸರಿಯಾಗಿ ಬಗ್ಗಿ ನಿಲ್ಲಬೇಕಿತ್ತು. ನನ್ನ ಮುಖ ನೋಡುತ್ತಲೇ ಇರಲಿಲ್ಲ. ಕೊರಳಲ್ಲಿ ನೇತಾಡುವ ಹೆಡ್‌ಫೋನನ್ನೇ ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ನಾನು ರಿಜಿಸ್ಟರ್ ತೆಗೆಯಲು ಬೀರುವಿನ ಕಡೆ ತಿರುಗಿದ ಕೂಡಲೆ ಆ ನೋಟ ನಿಧಾನಕ್ಕೆ ಮೇಲೇರಿ, ನನ್ನ ಕಿವಿಯ ಹತ್ತಿರ ಬಂದು ನಿಲ್ಲುತ್ತಿತ್ತು. ನನಗೆ ಹೇಗೆ ಗೊತ್ತು ಅಂದರೆ, ಬೀರುವಿನ ಗಾಜಿನಲ್ಲಿ ನಾನು ಅವನನ್ನೇ ನೋಡುತ್ತಿದ್ದೆ.

ಒಂದು ಸಲ ಕಿಟಕಿಯಲ್ಲಿ ಪೇಪರಿನ ಪೊಟ್ಟಣ ಇಟ್ಟ. ನೇರಳೆ ಹಣ್ಣು.

"ಕಾಡಿಂದ ಹಣ್ಣು ತರೋದು ಅಪರಾಧ, ಗೊತ್ತಾ?" ಅಂದೆ.

"ಕೆರೆ ಪಕ್ಕದ ಕಾವೇರಮ್ಮನ ಹೊಲದ ಬದೀದು ಮೇಡಂ. ಕೇಳೇ ತಂದೆ."

"ನಂಬರ್ ಕೇಳಿದ್ರೆ ಹೇಳಲ್ಲ, ಕೇಳದೇ ಇರೋದನ್ನ ತರ್ತೀರಿ."

ಅವನು ನಕ್ಕು, ಬ್ಯಾಟರಿ ಎತ್ತಿಕೊಂಡು ಹೋದ. ಆ ಹಣ್ಣನ್ನು ನಾನು ಯಾರಿಗೂ ಕೊಡದೆ ತಿಂದೆ. ಸಂಜೆಯವರೆಗೆ ನಾಲಿಗೆ ನೀಲಿಯಾಗಿತ್ತು, ಮತ್ತು ನನ್ನ ಮೇಲೆ ನನಗೇ ಕೋಪ ಬಂದಿತ್ತು. ನಂಬರ್ ಹೇಳಲು ಬಾರದವನ ಮೇಲೆ ಮನಸ್ಸಾಗಬೇಕೆ ನನಗೆ!

ಇನ್ನು ಆ ದಿನ ಬೆಳಗಿನ ಸಂಗತಿ.

ರಾಗಿ ಕಟಾವಿನ ಕಾಲ. ಎರಡು ಆನೆ ಕಾಡಿಗೆ ವಾಪಸ್ ಹೋಗದೆ ಕೆರೆಯ ಆಚೆಗಿನ ನೀಲಗಿರಿ ತೋಪಿನಲ್ಲೇ ಉಳಿದುಬಿಟ್ಟಿದ್ದವು. ಟೀಮ್ ಒಂದು, ಎರಡು ಆ ಕಡೆಯಿಂದ ಪಟಾಕಿ ಹೊಡೆದು ಅವನ್ನು ಕಾಡಿಗೆ ಅಟ್ಟಬೇಕು. ಟೀಮ್ ಮೂರು ಕೆರೆಯ ಈ ಕಡೆ ನಿಂತು, ಜನ ಹೊಲಕ್ಕೆ ಇಳಿಯದ ಹಾಗೆ ನೋಡಿಕೊಳ್ಳಬೇಕು. ಎಂಟೂವರೆಗೆ ಎಲ್ಲರ ಲೊಕೇಶನ್ ತೆಗೆದುಕೊಂಡೆ. ಮುತ್ತುರಾಜು ಹೇಳಿದ್ದು, "ಕೆರೆ ತಾವ, ತಂಪಾಗೈತೆ ಮೇಡಂ, ಓವರ್."

ಎಂಟು ಮೂವತ್ತೊಂದಕ್ಕೆ ಸೆಟ್ಟಿನಲ್ಲಿ ಕೆಂಪು ದೀಪ ಹತ್ತಿತು, ಆರಲೇ ಇಲ್ಲ.

ವಾಕಿಟಾಕಿಯಲ್ಲಿ ಮಾತಾಡುವಾಗ ಬದಿಯ ಬಟನ್ ಒತ್ತಿ ಹಿಡಿಯಬೇಕು. ಒಬ್ಬ ಒತ್ತಿದ್ದಾಗ ಅವನ ದನಿ ಎಲ್ಲರಿಗೂ ಕೇಳುತ್ತದೆ, ಬೇರೆ ಯಾರ ದನಿಯೂ ಅವನಿಗಾಗಲಿ ಮಿಕ್ಕವರಿಗಾಗಲಿ ಕೇಳುವುದಿಲ್ಲ. ಆಮೇಲೆ ಗೊತ್ತಾದ ಹಾಗೆ, ಮುತ್ತುರಾಜು ತನ್ನ ವಾಕಿಟಾಕಿಯನ್ನು ಸೀಟಿಗೂ ನೀರಿನ ಕ್ಯಾನಿಗೂ ನಡುವೆ ತುರುಕಿದ್ದ. ಬಟನ್ ಅಲ್ಲೇ ಅದುಮಿಕೊಂಡು ಕೂತಿತ್ತು.

"ಬಾಲಣ್ಣ, ನಂಬರ್ ಗೊತ್ತಿಲ್ದೆ ಏನು? ಹನ್ನೊಂದು ಬೀಟೂ ಬಾಯಿಪಾಠ ಕಣಣ್ಣ."

ನಾನು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟೆ.

"ಮತ್ಯಾಕ್ಲಾ ದಿನಾ ಆ ಮಗೀನ ಗಂಟ್ಲು ಹರಿಸ್ತೀಯ?" ಇದು ಬಾಲಣ್ಣ.

"ನಂಬರ್ ಹೇಳ್ಬುಟ್ರೆ 'ರೋಜರ್' ಅಂತಾರೆ, ಮುಗೀತು. ಹುಣಸೆಮರ ಅಂದ್ರೆ ನಾಕು ಮಾತು ಜಾಸ್ತಿ ಆಡ್ತಾರೆ. ಬೈಗುಳನೇ ಆಗ್ಲಿ."

ಹದಿನಾಲ್ಕು ತಿಂಗಳು! ಬೇಕಂತಲೇ! ಕೋಪ ನೆತ್ತಿಗೇರಿತು. ಹಾಗೆ ಏರುವಾಗಲೇ ಎಲ್ಲೋ ಎದೆಯ ಹತ್ತಿರ ಸ್ವಲ್ಪ ನಿಂತುಕೊಂಡಿತು.

ಚಾನೆಲ್ ಜಾಮ್ ಆದರೆ ಒಂದೇ ನಿಮಿಷದೊಳಗೆ ಫೋನ್ ಮಾಡಿ ಸರಿಪಡಿಸಬೇಕು. ಆ ರೂಲನ್ನು ಟೈಪ್ ಮಾಡಿ ಗೋಡೆಗೆ ಅಂಟಿಸಿದವಳೇ ನಾನು. ಫೋನ್ ಎತ್ತಿಕೊಂಡೆ ಕೂಡ. ಜೀಪ್ ಆಗಿನ್ನೂ ಕೆರೆ ಏರಿಯ ಮೇಲಿತ್ತು, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಒಂದು ರಿಂಗ್ ಕೊಟ್ಟಿದ್ದರೆ ಸಾಕಿತ್ತು.

"ಇಡೀ ದಿನ ಕಾಡು ಸುತ್ತುತೀವಿ," ಅಂದ ಮುತ್ತುರಾಜು. "ಆನೆ ಯಾವಾಗ ತಿರುಗಿ ಬೀಳ್ತದೋ ಗೊತ್ತಿಲ್ಲ. ಅರ್ಧ ಗಂಟೆಗೊಂದ್ಸಲ ಒಬ್ರು 'ಎಲ್ಲಿದೀರಾ' ಅಂತ ಕೇಳ್ತಾರೆ. ನಮ್ಮವ್ವ ಹೋದ್ಮೇಲೆ ನನ್ನ ಯಾರೂ ಎಲ್ಲಿದೀಯ ಅಂತ ಕೇಳಿರ್ಲಿಲ್ಲ ಕಣಣ್ಣ."

ಫೋನ್ ನನ್ನ ಕೈಯಲ್ಲೇ ಇತ್ತು. ನಂಬರ್ ಒತ್ತಲಿಲ್ಲ.

"ಹೇಳ್ಬುಡ್ಲಾ ಅವ್ಳಿಗೆ."

"ಹೆಂಗೆ ಹೇಳ್ಲಿ? ಆ ಕಿಟಕಿ ಮುಂದೆ ನಿಂತ್ರೆ ನಾಲಿಗೆ ಒಣಗ್ತದೆ. ಮೊದ್ಲು ಕಾಂಟ್ರಾಕ್ಟ್ ಹೊಸ್ದಾಗ್ಲಿ. ಕೆಲ್ಸ ಗಟ್ಟಿಯಾದ್ರೆ ಆವಾಗ ಹೋಗಿ ನಿಂತ್ಕತೀನಿ. ಬಿಸಿಲು ಬಂತು, ಏರಿ ಇಳಿಸಿ ನೆರಳಲ್ಲಿ ಹಾಕಣ್ಣ ಗಾಡಿನ."

ಜೀಪ್ ಏರಿ ಇಳಿಯುವ ಸದ್ದು ಕೇಳಿಸಿತು. ಕೆಳಗೆ ಸಿಗ್ನಲ್ ಇಲ್ಲ ಅಂತ ನನಗೆ ಗೊತ್ತಿತ್ತು. ಆಗಲೂ ನಾನು ಕೇಳುತ್ತಲೇ ಕೂತಿದ್ದೆ. ಅವನು ನನ್ನ ದನಿಯ ಬಗ್ಗೆ, ನಾನು 'ಓವರ್' ಅನ್ನುವಾಗ ಸ್ವಲ್ಪ ಎಳೆಯುವುದರ ಬಗ್ಗೆ ಹೇಳುತ್ತಿದ್ದ. ಯಾರಾದರೂ ನನ್ನ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಎಂಟು ಮೂವತ್ತಾರಕ್ಕೆ ಇನ್ನೊಂದು ಫೋನ್ ಹೊಡೆದುಕೊಂಡಿತು. ಟೀಮ್ ಒಂದರ ಮುನಿಶಾಮಯ್ಯ, ಏದುಸಿರು ಬಿಡುತ್ತಿದ್ದರು.

"ಮೇಡಂ, ಒಂದು ಆನೆ ತಿರುಗ್ಬುಡ್ತು! ತೋಪಿಂದ ಕೆರೆ ಕಡೆ ನುಗ್ತಾ ಐತೆ. ವೈರ್‌ಲೆಸ್ಸಲ್ಲಿ ಹೇಳೋವಾ ಅಂದ್ರೆ ಈ ಮುತ್ತು ಬಾಯಿ ಮುಚ್ತಾ ಇಲ್ಲ!"

ಕೆರೆ ಕಡೆ ಅಂದರೆ ಜೀಪಿನ ಬೆನ್ನಿಗೆ. ಮುತ್ತುರಾಜುವಿಗೆ ಫೋನ್ ಮಾಡಿದೆ, ನಾಟ್ ರೀಚಬಲ್. ಬಾಲಣ್ಣನಿಗೆ ಮಾಡಿದೆ, ಅದೂ ಅಷ್ಟೆ. ಮೈಕಿನಲ್ಲಿ ಕಿರುಚಿದೆ, ಯಾರಿಗೂ ಕೇಳಿಸದು ಅಂತ ಗೊತ್ತಿದ್ದೂ ಕಿರುಚಿದೆ. ಸೆಟ್ಟಿನಲ್ಲಿ ಅವನು ನಗುತ್ತಿದ್ದ.

ಕೆರೆ ಪಕ್ಕದಲ್ಲಿ ಮನೆಯಿರುವುದು ಕಾವೇರಮ್ಮನದು. ದಿನಾ ಬೆಳಿಗ್ಗೆ ಫೋನ್ ಮಾಡಿ, 'ನಿಮ್ಮಾನೆ ಬಂದು ನನ್ ರಾಗಿ ತಿಂದೈತೆ, ಬಂದು ಕಟ್ಟಾಕ್ಕೊಂಡು ಹೋಗಿ' ಅಂತ ನನ್ನ ಜೊತೆ ಜಗಳಕ್ಕೆ ನಿಲ್ಲುವ ಮುದುಕಿ. ಆ ನಂಬರ್ ನನಗೆ ನಿದ್ದೆಯಲ್ಲೂ ಬರುತ್ತದೆ.

"ಅಮ್ಮಾ, ಕೆರೆ ಕೆಳಗೆ ನಮ್ಮ ಜೀಪ್ ಕಾಣ್ತಿದೆಯಾ?"

"ಕಾಣ್ತೈತೆ. ನಿಮ್ಮೋರು ಕುಂತ್ಕೊಂಡು ಹರಟೆ ಹೊಡೀತಾವ್ರೆ."

"ಹಿಂದಿನಿಂದ ಆನೆ ಬರ್ತಿದೆ. ಮನೆ ಮೇಲೆ ಹತ್ತಿ ತಟ್ಟೆ ಬಡೀರಿ, ಕೂಗಿ. ಕೆಳಗೆ ಮಾತ್ರ ಇಳೀಬೇಡಿ."

ಆಯಮ್ಮ ನನ್ನ ಮಾತು ಎಂದು ಕೇಳಿದ್ದರು? ತಟ್ಟೆ ಬಡಿಯುತ್ತಾ ಜೀಪಿನ ಕಡೆಗೇ ಓಡಿದರು. ಆಮೇಲಿನದನ್ನೆಲ್ಲ ನಾನು ಆ ಹಾಳು ಬಟನ್ನಿನ ಮೂಲಕವೇ ಕೇಳಿದೆ. ತಟ್ಟೆಯ ಸದ್ದು ಹತ್ತಿರವಾಯಿತು. "ಏಯ್ ಮುತ್ತಾ, ಹಿಂದೆ ನೋಡ್ಲಾ!" ಅಂತ ಕಾವೇರಮ್ಮ. ಜೀಪಿನ ಬಾಗಿಲು ತೆರೆದ ಸದ್ದು. "ಅಮ್ಮಾ, ಬರ್ಬೇಡಿ!" ಅಂತ ಅವನು. ಆನೆ ಘೀಳಿಟ್ಟಿತು, ತಗಡು ಜಜ್ಜಿದ ಸದ್ದಾಯಿತು. ಕ್ಯಾನ್ ಉರುಳಿರಬೇಕು, ಕೆಂಪು ದೀಪ ಆರಿಹೋಯಿತು.

ಚಾನೆಲ್ ಖಾಲಿ. ನಾನು ಬಟನ್ ಒತ್ತಿದೆ. "ಟೀಮ್ ಮೂರು. ಟೀಮ್ ಮೂರು, ಎಲ್ಲಿದೀರಾ?"

ಉತ್ತರ ಇಲ್ಲ. ಮತ್ತೆ ಕೇಳಿದೆ. ಮೂರನೇ ಸಲ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಕಂಟ್ರೋಲ್," ಅಂತ ಕೊನೆಗೆ ಬಂತು. ಮುತ್ತುರಾಜು. "ಬೀಟ್ ನಂಬರ್ ಏಳು. ಕೆರೆಯ ತೂಬಿನ ಕೆಳಗೆ. ಆನೆ ಕೆರೆಗೆ ಇಳೀತು. ಕಾವೇರಮ್ಮ ಸೇಫ್, ಬಾಲಣ್ಣ ಸೇಫ್. ಜೀಪಿನ ಹಿಂಭಾಗ ಜಜ್ಜಿದೆ. ಕಾವೇರಮ್ಮನನ್ನು ಬದಿಗೆ ಎಳೆಯುವಾಗ ಬಿದ್ದು ನನ್ನ ಎಡಗೈ ಮುರಿದಿರಬೇಕು. ಓವರ್."

ಪುಸ್ತಕದಲ್ಲಿ ಬರೆದ ಹಾಗೆ, ಒಂದಕ್ಷರ ತಪ್ಪಿಲ್ಲದ ರಿಪೋರ್ಟ್. ನಾನು ಆಂಬುಲೆನ್ಸಿಗೆ ಫೋನ್ ಮಾಡಿ, ಟೀಮ್ ಎರಡನ್ನು ಕೆರೆಗೆ ಕಳಿಸಿ, ಸಮಯ ಬರೆದು, ಆಮೇಲೆ ಮ್ಯಾಪಿನ ಕಡೆ ತಿರುಗಿಕೊಂಡು ಅತ್ತೆ.

ಮೂರೂಕಾಲಿಗೆ ಅವನು ಕಿಟಕಿಯ ಮುಂದೆ ಬಂದು ನಿಂತ. ಎಡಗೈಗೆ ಪ್ಲಾಸ್ಟರ್, ಕೊರಳಿಗೆ ಬಿಳಿ ಪಟ್ಟಿ. ಶರ್ಟಿನಲ್ಲಿ ಇನ್ನೂ ಗದ್ದೆಯ ಕೆಸರು.

"ಆಸ್ಪತ್ರೆಯಿಂದ ಮನೆಗೆ ಹೋಗೋಕೆ ಏನಾಗಿತ್ತು ನಿಮಗೆ?" ಅಂದೆ.

"ವರದಿ ಬರೀತಿದೀರಂತಲ್ಲ ಮೇಡಂ. ಎಲ್ಲಾ ನನ್ ಮೇಲೇ ಹಾಕ್ಬುಡಿ."

"ಹಾಕದೆ ಇನ್ನೇನು, ಮೆರವಣಿಗೆ ಮಾಡಿಸಲಾ? ನಂಬರ್ ಬಾಯಿಪಾಠ ಅಂತೆ!"

ಅವನ ಕಿವಿ ಕೆಂಪಾಯಿತು. "ನಿಮ್ಗೆ ಎಷ್ಟು ಕೇಳಿಸ್ತು?"

"ಇಡೀ ರೇಂಜಿಗೆ ಕೇಳಿಸ್ತು."

"ನಿಮ್ಗೆ ಎಷ್ಟು ಕೇಳಿಸ್ತು ಅಂದೆ."

"ಪೂರ್ತಿ."

ಅವನು ಕಾಡಿನಲ್ಲಿ ಹೆಜ್ಜೆ ಗುರುತು ನೋಡಿ ಆನೆ ಎಷ್ಟು ಹೊತ್ತಿಗೆ ಹೋಯಿತು ಅಂತ ಹೇಳುವವನು. ನನ್ನ ಹೆಜ್ಜೆಯನ್ನೂ ಹಿಡಿದುಬಿಟ್ಟ.

"ಶುರುವಾದಾಗ ನಾವು ಏರಿ ಮೇಲಿದ್ವು. ಫೋನ್ ಮಾಡ್ಬೋದಾಗಿತ್ತಲ್ಲ ನೀವು?"

"ಮಾಡಬಹುದಿತ್ತು."

"ಮತ್ಯಾಕೆ..."

ನಾನು ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಅವನು ಮೊದಲ ಸಲ ಹೆಡ್‌ಫೋನನ್ನಲ್ಲ, ನೇರವಾಗಿ ನನ್ನ ಕಣ್ಣನ್ನೇ ನೋಡುತ್ತಿದ್ದ. ನಗು ತುಟಿಯ ಒಂದು ಮೂಲೆಯಲ್ಲಿ ಶುರುವಾಗಿ, ಇನ್ನೊಂದು ಮೂಲೆಗೆ ಬರಲು ಅನುಮತಿ ಕೇಳುತ್ತಿತ್ತು.

"ನಗಬೇಡಿ! ನಿಮ್ಮ ಕೈ ಮುರಿದಿದ್ದು ನನ್ನಿಂದ."

"ಎಡಗೈ ತಾನೆ ಮೇಡಂ."

"ಕಾವೇರಮ್ಮನ ಮೇಲೆ ಬಿದ್ದಿದ್ರೆ ಆ ಆನೆ?"

ನಗು ಹೋಯಿತು. "ಅದೇನೋ ನಿಜ," ಅಂದ ಮೆಲ್ಲಗೆ. "ಆದ್ರೂ ಅದನ್ನ ಬರೀಬೇಡಿ. ಯಾರ್ಗೂ ಗೊತ್ತಿಲ್ಲ. ನನ್ ಕೆಲ್ಸ ಹೆಂಗೂ ಹೋಯ್ತು, ನಿಮ್ದಾದ್ರೂ ಉಳೀಲಿ."

"ಅಂದ್ರೆ ನೀವು ಮಾತಾಡಿದ್ದು ತಪ್ಪು, ನಾನು ಕೇಳಿದ್ದು ತಪ್ಪಲ್ಲ, ಹಾಗಾ? ಹೋಗಿ ಆ ಬೆಂಚಿನ ಮೇಲೆ ಕೂತ್ಕೊಳ್ಳಿ. ನಿಂತರೆ ಅಕ್ಷರ ಕಾಣಲ್ಲ, ಬೆಳಕಿಗೆ ಅಡ್ಡ."

ಅವನು ಹೋಗಿ ಕೂತ. ನಾನು ಬರೆದೆ. ಚಾನೆಲ್ ಜಾಮ್ ಮಾಡಿದ್ದು ವಾಚರ್ ಮುತ್ತುರಾಜು, ಅಜಾಗರೂಕತೆಯಿಂದ. ಎಂಟು ಮೂವತ್ತೊಂದರಿಂದ ಎಂಟು ಮೂವತ್ತಾರರವರೆಗೆ ಕಂಟ್ರೋಲ್ ರೂಮ್ ಏನೂ ಮಾಡಲಿಲ್ಲ. ಕರ್ತವ್ಯದಲ್ಲಿದ್ದ ಸಿಂಧು ಆದ ನಾನು ಅವರ ಮಾತನ್ನು ಕೇಳುತ್ತಾ ಕುಳಿತಿದ್ದೆ. ಸಹಿ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ರೇಂಜರ್ ಸರ್ ಇಬ್ಬರನ್ನೂ ಒಳಗೆ ಕರೆದರು. ವರದಿ ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

"ಕೇಳುತ್ತಾ ಕುಳಿತಿದ್ದೆ ಅಂತ ಬರೆದಿದೀರಲ್ಲಮ್ಮ. ಇದನ್ನ ನಾನು ಮೇಲಿನ ಆಫೀಸಿಗೆ ಹೇಗೆ ಕಳಿಸಲಿ?"

"ನಡೆದಿದ್ದು ಅದೇ ಸರ್."

"ಸೆಟ್ ಕೆಟ್ಟಿತ್ತಾ?"

"ಇಲ್ಲ ಸರ್."

"ಫೋನ್ ಸಿಗಲಿಲ್ವಾ?"

"ಫೋನ್ ಕೈಯಲ್ಲೇ ಇತ್ತು ಸರ್."

"ಮತ್ತೆ ಯಾಕಮ್ಮ?" ಅವರಿಗೂ ರೇಗಿತ್ತು.

ನನಗೆ ನಾಚಿಕೆಯೂ ಆಗುತ್ತಿತ್ತು, ಅಳುವೂ ಬರುತ್ತಿತ್ತು, ಎಲ್ಲದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಹೇಳಿಬಿಟ್ಟೆ.

"ನಿಲ್ಲಿಸೋಕೆ ಮನಸ್ಸು ಬರಲಿಲ್ಲ ಸರ್. ಈ ಮನುಷ್ಯ ಯಾವತ್ತಾದರೂ ಅದನ್ನ ಹೇಳ್ತಾರೇನೋ ಅಂತ ನಾನೂ ಕಾಯ್ತಿದ್ದೆ. ಅದು ನನ್ನ ತಪ್ಪು. ಶಿಕ್ಷೆ ಏನಿದ್ದರೂ ಕೊಡಿ."

ಮುತ್ತುರಾಜುವಿನ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಸರ್ ತಮ್ಮ ಬೆಲ್ಟಿನಿಂದ ವಾಕಿಟಾಕಿ ತೆಗೆದು ಟೇಬಲ್ ಮೇಲೆ ಇಟ್ಟರು. "ಇದೂ ಆನ್ ಇತ್ತು," ಅಂದರು. "ನನ್ನ ಹತ್ರನೂ ಫೋನ್ ಇತ್ತು. ಎಲ್ಲಾ ಟೀಮಿನ ಹತ್ರನೂ ಇತ್ತು. ಒಬ್ಬನೂ ಮಾಡಲಿಲ್ಲ. ಐದು ನಿಮಿಷ ಇಡೀ ರೇಂಜ್ ಕೆಲಸ ಬಿಟ್ಟು ಕೇಳಿಸಿಕೊಳ್ತು, ನಾನೂ ಸೇರಿ. ನೀವು ಸುಳ್ಳು ಬರೆದಿದ್ದರೆ ಇಬ್ಬರನ್ನೂ ಇವತ್ತೇ ಮನೆಗೆ ಕಳಿಸ್ತಿದ್ದೆ. ನಿಜ ಬರೆದು ನನ್ನನ್ನ ಸಿಕ್ಕಿಸಿಬಿಟ್ಟಿರಿ."

ಪೆನ್ ತೆಗೆದುಕೊಂಡು ವರದಿಯ ಕೆಳಗೆ ಬರೆಯತೊಡಗಿದರು, ಬರೆಯುತ್ತಾ ಗಟ್ಟಿಯಾಗಿ ಓದಿದರು. ಇಬ್ಬರಿಗೂ ಎಚ್ಚರಿಕೆ ಪತ್ರ. ಸದರಿ ಸಮಯದಲ್ಲಿ ರೇಂಜರ್ ಕೂಡ ಕ್ರಮ ಕೈಗೊಂಡಿಲ್ಲ. ಇಬ್ಬರ ಕಾಂಟ್ರಾಕ್ಟನ್ನೂ ಮುಂದುವರಿಸಬಹುದು. ಒಂದು ನಿಮಿಷ ಯೋಚಿಸಿ ಇನ್ನೊಂದು ಸಾಲು ಸೇರಿಸಿದರು: ಇನ್ನು ಮುಂದೆ ಇವರಿಬ್ಬರನ್ನು ಯಾವ ಕಾರಣಕ್ಕೂ ಒಂದೇ ಶಿಫ್ಟಿಗೆ ಹಾಕತಕ್ಕದ್ದಲ್ಲ.

"ಸರ್..." ಅಂದ ಮುತ್ತುರಾಜು.

"ಹೊರಗೆ ನಡೀರಿ ಇಬ್ಬರೂ."

ಆಫೀಸಿನಿಂದ ಬಸ್ ಸ್ಟಾಪಿನವರೆಗೆ ಅವನು ನನ್ನಿಂದ ಎರಡು ಹೆಜ್ಜೆ ಹಿಂದೆ ನಡೆದ. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ರಸ್ತೆಯಾಚೆ ಯಾರೋ ಒಕ್ಕಣೆ ಮುಗಿಸಿ ರಾಗಿ ಹುಲ್ಲು ಹೇರುತ್ತಿದ್ದರು.

"ಈಗ ಹೆಂಗೆ ಮೇಡಂ?" ಅಂದ. "ನಾನು ಬೆಳಿಗ್ಗೆ, ನೀವು ಸಂಜೆ. ನಿಮ್ ದನಿನೇ ಕೇಳ್ಸಲ್ವಲ್ಲ ನಂಗೆ."

"ನಿಮ್ಮ ಕಾಟ ತಪ್ಪಿತು ನನಗೆ."

"ಹಂಗನ್ಬೇಡಿ."

"ಮತ್ತೆ ಹೇಗನ್ನಲಿ? ಬೆಳಿಗ್ಗೆ ಬಾಲಣ್ಣನ ಮುಂದೆ ಅಷ್ಟೊಂದು ಮಾತಾಡಿದ್ರಿ. ಆನೆಗೂ ಕೇಳಿಸಿರಬೇಕು. ನನ್ನ ಮುಂದೆ ಮಾತ್ರ ಒಂದು ಮಾತಿಲ್ಲ."

ಅವನು ರಸ್ತೆ ನೋಡಿದ, ಪ್ಲಾಸ್ಟರ್ ನೋಡಿಕೊಂಡ. ಬಲಗೈಯಿಂದ ಹಣೆ ಒರೆಸಿಕೊಂಡ. ಅಷ್ಟರಲ್ಲಿ ಹಾರೋಹಳ್ಳಿ ಬಸ್ಸು ತಿರುವಿನಲ್ಲಿ ಕಾಣಿಸಿತು. ಕಂಡಕ್ಟರ್ ತಲೆ ಹೊರಹಾಕಿ "ಬರ್ತೀರೇನಮ್ಮ?" ಅಂತ ಕೂಗಿದ. ನಾನು ಮುತ್ತುರಾಜುವಿನ ಮುಖ ನೋಡಿದೆ. ಇಂಥ ಹೊತ್ತಿನಲ್ಲೂ ತಡಮಾಡುವವನನ್ನು ಏನು ಮಾಡಬೇಕು ಹೇಳಿ?

"ನೀವು ಹೋಗಿ," ಅಂದೆ ಕಂಡಕ್ಟರಿಗೆ.

ಬಸ್ಸಿನ ಧೂಳು ಇಳಿಯುವವರೆಗೆ ಕಾದು, ಅವನು ನನ್ನ ಹೆಸರು ಹಿಡಿದು ಕರೆದ. ಮೇಡಂ ಇಲ್ಲ, ಓವರ್ ಇಲ್ಲ.

"ಸಿಂಧು, ನನ್ನ ಮದ್ವೆ ಆಯ್ತೀರಾ?"

"ಆಗ್ತೀನಿ," ಅಂದೆ. "ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ನಿಂತುಕೊಂಡು ಕೈ ನೋಯಿಸಿಕೊಳ್ಳಬೇಡಿ, ಬಂದು ಕೂತ್ಕೊಳ್ಳಿ."

ಅವನು ಬಂದು ಕಲ್ಲುಬೆಂಚಿನ ಮೇಲೆ, ಮುರಿದ ಕೈ ಆ ಕಡೆ ಇರುವ ಹಾಗೆ, ನನ್ನ ಪಕ್ಕ ಕೂತ.